ಐದು ದೀಪದ ಮೀಟರು, ಅರ್ಧ ಕಾಸಿನ ದೆವ್ವ

ದೆವ್ವದ ಸಿನಿಮಾಕ್ಕೆ ಹೋಗಿ ಹೆದರದೆ ಬರುವುದಿದೆಯಲ್ಲ, ಅದು ಮದುವೆಮನೆಗೆ ಹೋಗಿ ಊಟವಿಲ್ಲದೆ ಬಂದ ಹಾಗೆ. ಟಿಕೆಟ್ಟು, ಪಾರ್ಕಿಂಗು, ಇಂಟರ್ವಲ್ಲಿನ ಪಾಪ್‌ಕಾರ್ನು, ಎಲ್ಲದರ ದುಡ್ಡೂ ಹೋದರೆ ಹೋಗಲಿ, ರಾತ್ರಿ ಬಚ್ಚಲಿಗೆ ಹೋಗುವಾಗ ಒಂದು ಲೈಟು ಜಾಸ್ತಿ ಹಾಕಿಕೊಳ್ಳುವಷ್ಟಾದರೂ ಭಯ ಬೇಡವೆ? ಮೈಸೂರಿನಲ್ಲಿ ಈ ವಾರ ಓಡುತ್ತಿರುವ, ಅಥವಾ ಕುಂಟುತ್ತಿರುವ, ಈ ಚಿತ್ರದ ಹೆಸರು ಹೇಳುವುದಿಲ್ಲ. ಪಾಪ, ಸಾಲ ಮಾಡಿ ತೆಗೆದಿರುತ್ತಾರೆ.

ಕತೆ ಇಷ್ಟು. ನಾಲ್ಕು ಜನ ‘ಘೋಸ್ಟ್ ಹಂಟರ್’ಗಳು ಬೆಂಗಳೂರಿನಿಂದ ಮಂಡ್ಯದ ಪಕ್ಕದ ಹಾಳು ಆಲೆಮನೆಗೆ ಬರುತ್ತಾರೆ. ಅಲ್ಲಿ ಮೂವತ್ತು ವರ್ಷದಿಂದ ಕರೆಂಟಿಲ್ಲ ಅಂತ ಊರಿನ ಯಜಮಾನರು ಹೇಳುತ್ತಾರೆ. ಆ ಮಾತು ನೆನಪಿಟ್ಟುಕೊಳ್ಳಿ, ನಿರ್ದೇಶಕರು ಮರೆತಿದ್ದಾರೆ.

ನಾಯಕನ ಬಲಗೈಯಲ್ಲಿ ಕೆ-2 ಮೀಟರು. ಟಿವಿ ರಿಮೋಟಿನಂಥ ಡಬ್ಬಿ, ತಲೆಯ ಮೇಲೆ ಸಾಲಾಗಿ ಐದು ದೀಪ, ಒಳಗೆ 9 ವೋಲ್ಟಿನ ಒಂದು ಬ್ಯಾಟರಿ. ಅದರ ಕೆಲಸ ವೈರು, ಮೋಟಾರುಗಳ ಸುತ್ತ ಏಳುವ ಕಾಂತಕ್ಷೇತ್ರವನ್ನು ಅಳೆಯುವುದು. ಆನ್ ಮಾಡಿದರೆ ಮೊದಲ ಹಸಿರು ದೀಪ ಸುಮ್ಮನೆ ಉರಿಯುತ್ತಿರುತ್ತದೆ. ಆ ಕ್ಷೇತ್ರದ ಬಲ 20 ಮಿಲಿಗಾಸ್ ದಾಟಿದರೆ ಕೊನೆಯ ಕೆಂಪು. ಕೆಂಪು ಉರಿದರೆ ದೆವ್ವ ಬಂತು ಅಂತ ಇವರ ಲೆಕ್ಕ. ಚಟ್ನಿ ರುಬ್ಬುವಾಗ ಮಿಕ್ಸಿ ಪಕ್ಕ ಹಿಡಿದು ನೋಡಿ, ಐದೂ ಉರಿಯುತ್ತವೆ. ಆ ಲೆಕ್ಕದಲ್ಲಿ ಮೈಸೂರಿನ ಪ್ರತಿ ಅಡುಗೆಮನೆಯಲ್ಲೂ ಬೆಳಿಗ್ಗೆ ಏಳೂವರೆಗೆ ಒಂದು ಪಿಶಾಚಿ ಹಾಜರು.

ಇನ್ನು ನಾಯಕನ ಎಡಗೈ ನೋಡಿ. ಅಲ್ಲೊಂದು ವಾಕಿ-ಟಾಕಿ. ಇವನು ಮಾತಾಡಲು ಅದರ ಗುಂಡಿ ಒತ್ತುತ್ತಾನೆ, ಅದು ರೇಡಿಯೋ ಅಲೆ ಬಿಡುತ್ತದೆ, ಒಂದು ಗೇಣು ಆಚೆಗಿರುವ ಮೀಟರು ಬೆಚ್ಚಿ ಕೆಂಪಾಗುತ್ತದೆ. “ಗೈಸ್, ಇಲ್ಲಿ ಯಾರೋ ಇದ್ದಾರೆ!” ಇದ್ದಾರೆ ಕಣಪ್ಪ, ನೀನೇ ಇದ್ದೀಯ. ಗುಂಡಿ ಬಿಟ್ಟ ಕೂಡಲೇ ದೀಪ ಆರುತ್ತದೆ. “ಹೊರಟುಹೋಯ್ತು!” ಈ ಸುದ್ದಿಯನ್ನು ಗೆಳೆಯರಿಗೆ ತಿಳಿಸಲು ಮತ್ತೆ ಗುಂಡಿ ಒತ್ತುತ್ತಾನೆ. “ಮತ್ತೆ ಬಂತು!” ಹೀಗೆ ಹನ್ನೊಂದು ಸಲ. ಐದನೇ ಸಲಕ್ಕೆ ಹಿಂದಿನ ಸಾಲಿನವರೊಬ್ಬರು “ಅದನ್ನ ಜೇಬಿಗಾಕೋ ಮಾರಾಯ” ಅಂದರು. ಸಾಲದ್ದಕ್ಕೆ ಹಳೇ ಮಾಡೆಲ್ಲಿನ ಕೆ-2ಗೆ ಒತ್ತಿ ಹಿಡಿಯುವ ಸ್ವಿಚ್ಚು. ಬೆರಳು ಸಡಿಲವಾದರೆ ದೀಪಗಳು ತಾವೇ ಮಿಣುಕುತ್ತವೆ. ಅದಕ್ಕೇ ಅನುಭವಸ್ಥರು ಸ್ವಿಚ್ಚಿನ ಸಂದಿಗೆ ಒಂದು ನಾಣ್ಯ ತುರುಕಿರುತ್ತಾರೆ. ಇವನ ಕೈಯೋ ಭಯದಿಂದ ಗಡಗಡ. ಮೀಟರು ಅಳೆಯುತ್ತಿದ್ದುದು ಅವನ ಹೆಬ್ಬೆರಳನ್ನು.

ಇಲ್ಲೊಂದು ಒಳ್ಳೆಯ ದೃಶ್ಯ ಕೈತಪ್ಪಿದೆ ಅನ್ನುವುದೇ ಹೊಟ್ಟೆಯುರಿ. ಫೋನು, ವಾಕಿ-ಟಾಕಿ, ಕಾಲರಿನ ವೈರ್‌ಲೆಸ್ ಮೈಕು ಎಲ್ಲವನ್ನೂ ದೂರದ ಕಾರಿನಲ್ಲಿ ಬಿಟ್ಟು, ಮೀಟರನ್ನು ತಣ್ಣಗಿರುವ ಕೊಪ್ಪರಿಗೆಯ ಅಂಚಿನಲ್ಲಿಟ್ಟು, ಹತ್ತು ಹೆಜ್ಜೆ ಹಿಂದೆ ನಿಂತಿದ್ದರೆ? ತಂತಿಯೇ ಇಲ್ಲದ ಕಡೆ ಆಗ ಎರಡನೇ ದೀಪವೊಂದು ಹೊತ್ತಿದ್ದರೂ ಸಾಕಿತ್ತು, ಟಾಕೀಸಿನಲ್ಲಿ ಉಸಿರಾಡುವವರು ಇರುತ್ತಿರಲಿಲ್ಲ. ಖರ್ಚು ಸೊನ್ನೆ.

ಉಳಿದ ಸಾಮಾನುಗಳ ಕತೆಯೂ ಅಷ್ಟೆ. ಕೋವಿಡ್ಡಿನಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರ್ಮಾಮೀಟರ್ ಗನ್ನನ್ನು ಇವರು ಖಾಲಿ ಗಾಳಿಗೆ ಹಿಡಿದು “ಹತ್ತು ಡಿಗ್ರಿ ಇಳೀತು” ಅನ್ನುತ್ತಾರೆ. ಅದು ಗಾಳಿಯನ್ನು ಅಳೆಯುವುದಿಲ್ಲ ಸ್ವಾಮಿ, ಎದುರಿನ ಗೋಡೆಯನ್ನು ಅಳೆಯುತ್ತದೆ. ನೈಟ್ ವಿಷನ್ ಕ್ಯಾಮೆರಾದಲ್ಲಿ ಇಡೀ ಆಲೆಮನೆ ಹಸಿರು, ದೆವ್ವದ ಹಣೆಯ ಕುಂಕುಮ ಮಾತ್ರ ಅಪ್ಪಟ ಕೆಂಪು. ಅತಿಗೆಂಪು ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ಒಂದೇ ಬಣ್ಣ. ಕುಂಕುಮವನ್ನು ಯಾರೋ ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ, ಅದೂ ಸ್ವಲ್ಪ ಓರೆಯಾಗಿ. ತೇಲಾಡುವ ‘ಆತ್ಮದ ಗೋಳ’ಗಳು ಲೆನ್ಸಿನ ಮುಂದೆಯೇ ಫ್ಲಾಶಿಗೆ ಸಿಕ್ಕ ಧೂಳು.

ಸತ್ತವರ ದನಿ ಕೇಳಿಸುತ್ತದೆ ಅಂತ ಇವರು ನಂಬುವ ‘ಸ್ಪಿರಿಟ್ ಬಾಕ್ಸ್’ ಅನ್ನುವುದು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ನಿಲ್ಲದೆ ಜಿಗಿಯುವ ರೇಡಿಯೋ. ಕಾಲು ಸೆಕೆಂಡಿಗೊಂದು ಚೂರು ಜಾಹೀರಾತು, ಚೂರು ಹಾಡು. ಅದರಲ್ಲಿ “ಬಾ” ಕೇಳದಿದ್ದರೇ ಆಶ್ಚರ್ಯ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದು ಮನಶ್ಶಾಸ್ತ್ರ. ಈ ಸೀನಿಗೆ ಬೇಕಾಗಿದ್ದವರು ಅಂಥವರೇ, ಮಂತ್ರವಾದಿಯಲ್ಲ.

ದೆವ್ವದ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದಂತೂ ಸಹಿಸಲಾಗದ್ದು. ಸತ್ತಿರುವುದು ಬೆಲ್ಲ ಕಾಯಿಸುತ್ತಿದ್ದ ಅಜ್ಜಿ. ಅವಳ ಮುಂದೆ “ಈಸ್ ಎನಿಬಡಿ ಹಿಯರ್?” ಅಂದರೆ ಅವಳಾದರೂ ಏನು ಮಾಡಿಯಾಳು? “ಅವ್ವಾ, ಒಳಗಿದ್ದೀಯೇನವ್ವಾ?” ಅಂತ ಒಂದು ಸಲ ಕರೆದಿದ್ದರೆ, ಕತ್ತಲಿನಿಂದ “ಯಾರ್ಲಾ ಮಗ, ಉಂಡ್ಯಾ?” ಅಂತ ಬಂದಿದ್ದರೆ, ನಮ್ಮಲ್ಲಿ ಅರ್ಧ ಜನ ಚಪ್ಪಲಿ ಬಿಟ್ಟು ಓಡುತ್ತಿದ್ದೆವು.

ಕಡಿಮೆ ದುಡ್ಡಿನವರು ಇದ್ದುದನ್ನು ಸದ್ದಿಗೆ ಸುರಿಯಬೇಕು. ಇಲ್ಲಿ ಮೂರು ಸೆಕೆಂಡು ಮೌನ, ಆಮೇಲೆ ಢಮಾರ್. ಎರಡನೇ ಢಮಾರ್ ಹೊತ್ತಿಗೆ ಜನ ಮೊದಲೇ ಕಿವಿ ಮುಚ್ಚಿಕೊಂಡಿದ್ದರು. ಜೀರುಂಡೆ ಸದ್ದು ಒಂದೇ ತುಣುಕು, ಸಿನಿಮಾ ಪೂರ್ತಿ ಸುತ್ತುತ್ತದೆ. ನಾಲ್ಕು ಜನ ಬೂಟು ಕುಟ್ಟಿಕೊಂಡು ಪಕ್ಕದಲ್ಲೇ ಹೋದರೂ ನಿಲ್ಲುವುದಿಲ್ಲ. ನಾಲೆ ಬಯಲಲ್ಲಿ ರಾತ್ರಿ ನಡೆದವರಿಗೆ ಗೊತ್ತು. ಹೆಜ್ಜೆ ಹತ್ತಿರವಾದರೆ ಜೀರುಂಡೆ ಬಾಯಿ ಮುಚ್ಚುತ್ತದೆ. ನೀವು ನಿಂತಲ್ಲೇ ನಿಂತಿದ್ದೀರಿ, ಆದರೂ ಎಡಗಡೆಯ ಜೀರುಂಡೆಗಳು ಗಪ್ಪಾದವು ಅಂದರೆ, ಎಡಗಡೆಯಿಂದ ಯಾರೋ ಬರುತ್ತಿದ್ದಾರೆ. ಹಳ್ಳಿಯ ಭಯ ಇದ್ದದ್ದೇ ಅಷ್ಟು ಸಣ್ಣದರಲ್ಲಿ. ಸೆಕೆಂಡ್ ಶೋ ಮುಗಿಸಿ ಹುಣಸೆಮರದ ಕೆಳಗೆ ಜೋರಾಗಿ ಹಾಡು ಹೇಳಿಕೊಂಡು ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ಸಿನಿಮಾ ಕೆಟ್ಟದಿದ್ದರೂ ದಾರಿ ಕಾಪಾಡುತ್ತಿತ್ತು. ಈಗ ಮರವಿಲ್ಲ, ಬೀದಿದೀಪವಿದೆ. ಮೈಸೂರಿನ ಶಾಂತಲಾ ಟಾಕೀಸೇ 2020ರಲ್ಲಿ ಬಾಗಿಲು ಹಾಕಿತು.

ಚಿತ್ರದಲ್ಲಿ ಮೈ ಜುಮ್ಮೆಂದದ್ದು ಒಂದೇ ಕಡೆ, ಅದೂ ಅವರಿಗೆ ತಿಳಿಯದೆ. ನಾಯಕ ಹತ್ತನೇ ಸಲ ಮೀಟರು ನೋಡುತ್ತಿರುವಾಗ, ಹಿಂದೆ ದೂರದ ಕಬ್ಬಿನ ಗದ್ದೆಯ ಬದುವಿನ ಮೇಲೆ ಒಂದು ಟಾರ್ಚು ಸಾಗುತ್ತದೆ. ಯಾರೋ ರೈತ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಿರಬೇಕು, ಮೋಟಾರು ಹಾಕಲು ಹೊರಟಿದ್ದಾನೆ. ಚಿರತೆ ಮರಿ ಹಾಕುವ ಕಬ್ಬಿನ ಪಕ್ಕ, ಒಬ್ಬನೇ. ಬೆಳಕು ಒಮ್ಮೆ ನಿಲ್ಲುತ್ತದೆ, ಗದ್ದೆಯ ಕಡೆ ತಿರುಗುತ್ತದೆ, ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ, ಮತ್ತೆ ನಡೆಯುತ್ತದೆ. ಮುಂದೇನಾಯಿತು ಅಂತ ನೋಡುವಷ್ಟರಲ್ಲಿ ಕ್ಯಾಮೆರಾ ಮತ್ತೆ ಮೀಟರಿಗೆ ಬಂತು.

ಕೊನೆಯಲ್ಲಿ ಹೆಸರುಗಳು ಏರುವಾಗ ಅವನನ್ನು ಹುಡುಕಿದರೆ ಇಲ್ಲ. ದೆವ್ವದ ಕೂದಲಿಗೆ ಮಾತ್ರ ಇಬ್ಬರ ಹೆಸರಿತ್ತು.