ಸುಟ್ಟ ಮೋಟಾರಿನ ಜಾಗಕ್ಕೆ ಬ್ರಷ್‌ಲೆಸ್ ಬೇಕೇ?

ಮಂಡ್ಯದ ಪಕ್ಕದ ಹಳ್ಳಿಯೊಂದರಲ್ಲಿ ಹತ್ತು ವರ್ಷದ ಹುಡುಗಿಯ ರಿಮೋಟ್ ಮಾನ್‌ಸ್ಟರ್ ಟ್ರಕ್, ಅಂದರೆ ದೊಡ್ಡ ಚಕ್ರದ ಆಟದ ಟ್ರಕ್, ಕೆಟ್ಟು ನಿಂತಿದೆ. ನಿಜವಾದ ಟ್ರಕ್ಕಿನ ಹತ್ತನೇ ಒಂದು ಭಾಗದ ಅಳತೆಯದು. ಕಬ್ಬು ಕಡಿದ ಗದ್ದೆಯಲ್ಲಿ ಓಡಿಸುವಾಗ ಮೋಟಾರು ಸುಟ್ಟುಹೋಯಿತು. ಅದೇ ಥರದ ಬ್ರಷ್ ಮೋಟಾರನ್ನು ಮತ್ತೆ ಹಾಕುವುದೋ, ಬ್ರಷ್‌ಲೆಸ್‌ಗೆ ಬದಲಾಯಿಸುವುದೋ? ಹುಡುಗಿಯ ಸೋದರಮಾವ ಮತ್ತು ಅಪ್ಪ ಇಬ್ಬರೂ ಇಲ್ಲಿ ಬರೆದಿದ್ದಾರೆ.

ಪರ: ಬದಲಾಯಿಸಿಬಿಡಿ ಭಾವ
(ಸೋದರಮಾವ, ಕುವೆಂಪುನಗರ, ಮೈಸೂರು)

ಭಾವ, ನಿಮ್ಮ ಅಡುಗೆಮನೆಯ ಮಿಕ್ಸಿಯನ್ನೇ ನೋಡಿ. ಅಕ್ಕ ಅದನ್ನು ಆಗಾಗ ರಿಪೇರಿಗೆ ಕೊಡುತ್ತಾಳೆ. ‘ಕಾರ್ಬನ್ ಸವೆದಿದೆ’ ಅಂತ ಅಂಗಡಿಯವರು ಎರಡು ಕಪ್ಪು ತುಂಡು ಬದಲಿಸಿ ಕೊಡುತ್ತಾರೆ. ಪುಟ್ಟಿಯ ಟ್ರಕ್ಕಿನ ಮೋಟಾರಿನಲ್ಲೂ ಅಂಥದೇ ಕಾರ್ಬನ್ ಬ್ರಷ್ ಇತ್ತು. ಅದು ತಿರುಗುವ ಕಮ್ಯುಟೇಟರ್‌ಗೆ, ಅಂದರೆ ಕಾಯಿಲ್‌ಗೆ ಕರೆಂಟು ದಾಟಿಸುವ ತಾಮ್ರದ ಉಂಗುರಕ್ಕೆ, ಉಜ್ಜುತ್ತಲೇ ಇರಬೇಕು. ಉಜ್ಜಿದಷ್ಟೂ ಕಿಡಿ, ಬಿಸಿ, ಕರಿ ಪುಡಿ. ಮಿಕ್ಸಿಗಾದರೂ ಕಾರ್ಬನ್ ಬದಲಿಸಬಹುದು. ಬೆಳ್ಳಿ ಬಣ್ಣದ ಡಬ್ಬಿಯಲ್ಲಿ ಬರುವ ಅಗ್ಗದ 540 ಅಳತೆಯ ಮೋಟಾರಿಗೆ ಆ ದಾರಿಯೂ ಇಲ್ಲ. ಡಬ್ಬಿಯನ್ನು ಮಡಚಿ ಮುಚ್ಚಿರುತ್ತಾರೆ, ಸವೆದ ಮೇಲೆ ಎಸೆಯಬೇಕು.

ಇನ್ನು ನಿಮ್ಮ ನಡುಮನೆಯ ಹೊಸ ಫ್ಯಾನು. ಬಿಎಲ್‌ಡಿಸಿ ಬೇಕೆಂದು ಹುಡುಕಿ ತಂದವರು ನೀವೇ. ಅದರಲ್ಲಿರುವ ಬಿಎಲ್ ಅಂದರೆ ಬ್ರಷ್‌ಲೆಸ್, ಉಜ್ಜುವ ಕಾರ್ಬನ್ನೇ ಇಲ್ಲದ್ದು. ಅದನ್ನೇ ಟ್ರಕ್ಕಿಗೂ ಹಾಕಿ ಅಂತಿದ್ದೇನೆ.

ನಾನು ಇದನ್ನು ವೇಗದ ಆಸೆಗೆ ಹೇಳುತ್ತಿಲ್ಲ. ಬ್ರಷ್‌ಲೆಸ್ ಕೊಳ್ಳುವವರು ಡಬ್ಬಿಯ ಮೇಲಿನ ಕೆವಿ ನೋಡಿ ಮೋಸಹೋಗುತ್ತಾರೆ. ಕೆವಿ ಅಂದರೆ ಶಕ್ತಿಯ ಲೆಕ್ಕವಲ್ಲ. ಒಂದು ವೋಲ್ಟ್ ಕೊಟ್ಟರೆ, ಹೊರೆ ಇಲ್ಲದಾಗ, ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. 3500 ಕೆವಿ ಮೋಟಾರಿಗೆ ಎರಡು ಸೆಲ್ಲಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಅಂದರೆ 7.4 ವೋಲ್ಟ್ ಕೊಟ್ಟರೆ 25,900 ಸುತ್ತು. 2400 ಕೆವಿ ಮೋಟಾರಿಗೆ ಮೂರು ಸೆಲ್ಲಿನ ಲೈಪೋ, 11.1 ವೋಲ್ಟ್ ಕೊಟ್ಟರೆ 26,640. ಸುತ್ತು ಹೆಚ್ಚುಕಡಿಮೆ ಒಂದೇ ಆಯಿತು, ಅಲ್ವಾ? ಆದರೆ ವೋಲ್ಟೇಜ್ ಏರಿದ್ದರಿಂದ ಅಷ್ಟೇ ಕೆಲಸಕ್ಕೆ ಕರೆಂಟು ಮೂರನೇ ಒಂದು ಭಾಗ ಕಡಿಮೆ ಸಾಕು. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಹಾಗಾಗಿ ವೈರು, ಕನೆಕ್ಟರ್‌ಗಳಲ್ಲಿ ಹುಟ್ಟುವ ಬಿಸಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ದೊಡ್ಡ ಟೈರಿನ ಭಾರದ ಗಾಡಿಗೆ ಕಡಿಮೆ ಕೆವಿ, ಜಾಸ್ತಿ ವೋಲ್ಟು. ಬೇಕಾದ್ದು ಇದೇ ಜೋಡಿ.

ಜೊತೆಗೆ ಚಿಕ್ಕ ಪಿನಿಯನ್ ಹಾಕಿ, ಅದೇ ಮೋಟಾರಿನ ತುದಿಗೆ ಕೂರುವ ಸಣ್ಣ ಗೇರು. ಅದು ತಿರುಗಿಸುವ ದೊಡ್ಡ ಗೇರು, ನಿಮ್ಮ ಗಾಡಿಯ ಸ್ಪರ್ ಗೇರಿಗೆ 86 ಹಲ್ಲು. ಪಿನಿಯನ್ 12 ಹಲ್ಲಿನದಾದರೆ ಭಾಗಿಸಿ ಬರುವುದು 7.17. ಗೇರುಬಾಕ್ಸ್ ಒಳಗಿನ 2.72ರಿಂದ ಅದನ್ನು ಗುಣಿಸಿದರೆ 19.5. ಮೋಟಾರು ಹತ್ತೊಂಬತ್ತೂವರೆ ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಈಗಿರುವ 140 ಮಿ.ಮೀ. ಟೈರಿಗೆ ಲೆಕ್ಕದಲ್ಲಿ ಗಂಟೆಗೆ 36 ಕಿ.ಮೀ. ಬರುತ್ತದೆ, ಮಣ್ಣಿನಲ್ಲಿ ಅದಕ್ಕಿಂತ ಕಡಿಮೆ. ಅದೂ ಜಾಸ್ತಿ ಅನ್ನಿಸಿದರೆ, ಅನೇಕ ರಿಮೋಟ್‌ಗಳಲ್ಲಿ ಥ್ರಾಟಲ್ ಅರ್ಧಕ್ಕೆ ಕಟ್ಟಿಹಾಕುವ ಸೌಲಭ್ಯವಿದೆ. ಪುಟ್ಟಿ ಬೆಳೆದ ಹಾಗೆ ಒಂದೊಂದಾಗಿ ಬಿಡುತ್ತಾ ಹೋಗಬಹುದು. ಪ್ರತಿ ಸಲ ಹೊಸ ಮೋಟಾರು ತರಬೇಕಿಲ್ಲ.

ಬ್ರಷ್‌ಲೆಸ್ ನಿಧಾನಕ್ಕೆ ಹೊರಡುವಾಗ ಜರ್ಕ್ ಹೊಡೆಯುತ್ತೆ ಅಂತ ನೀವು ಹೇಳೇ ಹೇಳುತ್ತೀರಿ. ಹೌದು, ಸೆನ್ಸರ್ ಇಲ್ಲದವು ಹಾಗೆ ಮಾಡುತ್ತವೆ. ಒಳಗೆ ತಿರುಗುವ ಭಾಗ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಇರುವುದನ್ನೇ ತನ್ನಿ, ಅದಕ್ಕೆ ಹೊಂದುವ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆ, ಜೊತೆಗೆ. ನನ್ನ ಗಾಡಿಯನ್ನು ಭಾನುವಾರ ಬೆಳಗಾಗುವ ಮೊದಲೇ, ಕ್ರಿಕೆಟ್ ಹುಡುಗರು ಬರುವ ಮುಂಚೆ, ಮೈದಾನಕ್ಕೆ ಒಯ್ಯುತ್ತೇನೆ. ಮೂರನೇ ವರ್ಷ ನಡೆಯುತ್ತಿದೆ. ಈವರೆಗೆ ಆ ಮೋಟಾರಿಗೆ ಬದಲಿಸಿದ್ದು ಎರಡು ಬೇರಿಂಗ್ ಮಾತ್ರ.

ವಿರೋಧ: ಮೋಟಾರಿನದಲ್ಲ, ಹಲ್ಲಿನ ತಪ್ಪು
(ಅಪ್ಪ, ಮಂಡ್ಯ)

ಮೋಟಾರು ಸುಟ್ಟ ದಿನ ಮಗಳ ಜೊತೆ ಗದ್ದೆಯಲ್ಲಿ ನಾನೇ ಇದ್ದೆ. ಅದಕ್ಕೂ ಒಂದು ವಾರ ಮುಂಚೆ ಟೈರು ಬದಲಿಸಿದವನೂ ನಾನೇ. ಮೊದಲು 125 ಮಿ.ಮೀ. ಟೈರಿತ್ತು. ಕೂಳೆ ಮೇಲೆ ಹತ್ತಲಿ ಅಂತ 140 ಮಿ.ಮೀ. ಹಾಕಿದೆ. ನೋಡಲು ತುಂಬ ಚೆನ್ನಾಗಿತ್ತು, ಮಗಳು ಕುಣಿದಾಡಿದಳು. ಪಿನಿಯನ್ ಮಾತ್ರ ಹಳೇ 15 ಹಲ್ಲಿನದೇ ಉಳಿಯಿತು.

ಟೈರು ನೂರಕ್ಕೆ ಹನ್ನೆರಡು ದೊಡ್ಡದಾದರೆ ಗಾಡಿಯ ಗೇರು ಅಷ್ಟೇ ಮೇಲೇರಿದ ಹಾಗೆ. ಗೇರುಬಾಕ್ಸ್ ಬಿಚ್ಚದೆಯೇ ಇದು ಆಗಿಬಿಡುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಬ್ಬು ತುಂಬಿದ ಟ್ರಾಕ್ಟರ್ ನಾಲೆ ಏರಿ ಹತ್ತುವುದನ್ನು ನಮ್ಮ ಕಡೆ ನೋಡದವರಿಲ್ಲ. ಡ್ರೈವರ್ ಏರಿ ಬುಡದಲ್ಲೇ ಸಣ್ಣ ಗೇರಿಗೆ ಹಾಕಿಕೊಳ್ಳುತ್ತಾನೆ. ದೊಡ್ಡ ಗೇರಿನಲ್ಲಿ ಹತ್ತಿಸಲು ಹೋದರೆ ಎಂಜಿನ್ ನಿಂತುಹೋಗುತ್ತದೆ. ಕರೆಂಟಿನ ಮೋಟಾರು ಹಾಗೆ ನಿಂತು ಸುಮ್ನಿರುವುದಿಲ್ಲ, ಅದೇ ತೊಂದರೆ. ತಿರುಗುವ ಮೋಟಾರು ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಬ್ಯಾಟರಿಯ ಕರೆಂಟನ್ನು ತಡೆದಿಟ್ಟಿರುತ್ತದೆ. ಹೊರೆ ಬಿದ್ದು ನಿಧಾನವಾದರೆ ಆ ತಡೆ ಸಡಿಲವಾಗುತ್ತದೆ, ಕರೆಂಟು ನುಗ್ಗುತ್ತದೆ. ಪೂರ್ತಿ ಸಿಕ್ಕಿಕೊಂಡು ನಿಂತರೆ ಇನ್ನೂ ಜಾಸ್ತಿ. ಆ ದಿನ ಆದದ್ದು ಅದೇ. ತರಗು ಹಿಂದಿನ ಆಕ್ಸಲ್ಲಿಗೆ ಸುತ್ತಿಕೊಂಡಿತ್ತು, ಟೈರು ಕೂಳೆಗಳ ನಡುವೆ ಸಿಕ್ಕಿಕೊಂಡಿತ್ತು, ಮಗಳು ಥ್ರಾಟಲ್ ಒತ್ತಿ ಹಿಡಿದಿದ್ದಳು. ವಾಸನೆ ನನ್ನ ಮೂಗಿಗೆ ಬಡಿಯುವ ಹೊತ್ತಿಗೆ ಕಾಯಿಲ್ ಸುಟ್ಟುಹೋಗಿತ್ತು.

ಇದೇ ಗೇರಿನಲ್ಲಿ, ಇದೇ ಗದ್ದೆಯಲ್ಲಿ ಬ್ರಷ್‌ಲೆಸ್ ಇದ್ದಿದ್ದರೆ? ಅದೂ ಕಾಯುತ್ತಿತ್ತು. ಕಾರ್ಬನ್ ಇಲ್ಲ ಅನ್ನುವುದು ನಿಜ, ಆದರೆ ತಂತಿ ತಂತಿಯೇ. ಆಯಸ್ಕಾಂತವೂ ಅತಿಯಾಗಿ ಕಾದರೆ ಬಲ ಕಳೆದುಕೊಳ್ಳುತ್ತದೆ. ಮೋಟಾರು ಉಳಿದರೂ ಇಎಸ್‌ಸಿ ಹೋಗಬಹುದಿತ್ತು.

ಭಾಮೈದನ ಲೆಕ್ಕದಲ್ಲಿ ತಪ್ಪಿಲ್ಲ. ಕಡಿಮೆ ಕೆವಿ, ಚಿಕ್ಕ ಪಿನಿಯನ್ ಅನ್ನುವ ಮಾತು ಅಪ್ಪಟ ಸರಿ. ಆದರೆ ಆ ಚಿಕ್ಕ ಪಿನಿಯನ್ನನ್ನು ಹಳೇ ಬಗೆಯ ಮೋಟಾರಿಗೇ ಹಾಕಿದರೆ ಸಾಲದೇ ಎಂಬುದು ನನ್ನ ಪ್ರಶ್ನೆ. 140 ಮಿ.ಮೀ. ಟೈರಿನಲ್ಲಿ ಹಳೇ ಗೇರಿಂಗ್ ಮರಳಿ ಬರಬೇಕಾದರೆ 15 ಹಲ್ಲನ್ನು 1.12ರಿಂದ ಭಾಗಿಸಬೇಕು. 13.4 ಬರುತ್ತದೆ. 13 ಹಲ್ಲಿನ ಪಿನಿಯನ್ ಹಾಕಿದರೆ ಆಯಿತು. ಒಟ್ಟು ಅನುಪಾತ 18. ಸಾಧಾರಣ 540 ಮೋಟಾರು 7.2 ವೋಲ್ಟಿನಲ್ಲಿ ಹೊರೆ ಇಲ್ಲದೆ ಸುಮಾರು 15 ಸಾವಿರ ಸುತ್ತುತ್ತದೆ. ಗಂಟೆಗೆ 22 ಕಿ.ಮೀ. ಆಗುತ್ತದೆ. ಹತ್ತು ವರ್ಷದ ಹುಡುಗಿ ಓಡಿ ಹಿಂದೆ ಹೋಗಲು ಅದೇ ಜಾಸ್ತಿ.

ಭಾಮೈದ ಹೇಳಿದ 36ಕ್ಕೂ ಈ 22ಕ್ಕೂ ಇರುವ ಅಂತರ ಬರೀ 14 ಅಲ್ಲ. ಬಡಿತದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 36ರಲ್ಲಿ ಬಂದು ಬಡಿದರೆ 22ರ ಬಡಿತಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ನಮ್ಮ ಗದ್ದೆಯ ಬದುವಿನ ಮೇಲೆ ಮೂರು ನಾಲ್ಕು ಮಕ್ಕಳು ಸದಾ ಕೂತಿರುತ್ತಾರೆ, ಅವರಲ್ಲಿ ಒಂದು ಇನ್ನೂ ನಡೆಯಲು ಕಲಿಯುತ್ತಿರುವ ಕೂಸು. ಥ್ರಾಟಲ್ ಕಟ್ಟಿಹಾಕಬಹುದು ನಿಜ. ಆ ಗುಂಡಿ ರಿಮೋಟಿನಲ್ಲೇ ಇರುತ್ತದೆ, ಮಕ್ಕಳು ಮೊದಲು ಕಂಡುಹಿಡಿಯುವುದೂ ಅದನ್ನೇ. ಪಿನಿಯನ್ನಿನ ಹಲ್ಲನ್ನು ಯಾವ ಗುಂಡಿಯೂ ಹೆಚ್ಚಿಸುವುದಿಲ್ಲ.

ಆಮೇಲೆ ಉಳಿದ ಗಾಡಿ. ಅದರ ಗೇರುಗಳು, ಡ್ರೈವ್ ಶಾಫ್ಟು ಎಲ್ಲ ಪ್ಲಾಸ್ಟಿಕ್. ಬ್ರಷ್‌ಲೆಸ್ಸಿನ ಒಂದೇ ಎಳೆತಕ್ಕೆ ಎಲ್ಲಿ ಸೊರಗಿದೆಯೋ ಅಲ್ಲಿ ಮುರಿಯುತ್ತದೆ. ಅದನ್ನು ಕಬ್ಬಿಣದ್ದು ಮಾಡಿದರೆ ಮುರಿತ ಪಕ್ಕದ ಭಾಗಕ್ಕೆ ಹೋಗುತ್ತದೆ. ಮೂರು ಸೆಲ್ಲಿನ ಲೈಪೋ ಬಗ್ಗೆಯೂ ನನಗೆ ಅಳುಕಿದೆ. ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗೆ ಇಳಿಸಬಾರದು, ಎತ್ತಿಡುವಾಗ 3.8 ವೋಲ್ಟಿನಲ್ಲಿಡಬೇಕು, ಚಾರ್ಜ್ ಆಗುವಾಗ ಪಕ್ಕದಲ್ಲಿ ದೊಡ್ಡವರು ಇರಬೇಕು. ನಾನು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ರಾತ್ರಿ ಬರುವವನು.

ಮುಖ್ಯವಾದ ಇನ್ನೊಂದು ಮಾತಿದೆ. ಬ್ರಷ್ ಮೋಟಾರಿಗೆ ಎರಡೇ ವೈರು. ನನ್ನ ಮಗಳಿಗೆ ಅದು ಅರ್ಥವಾಗುತ್ತದೆ. ಸುಟ್ಟ ಮೋಟಾರನ್ನು ನಾವಿಬ್ಬರೂ ಊರಿನ ಪಂಪ್‌ಸೆಟ್ ವೈಂಡಿಂಗ್ ಅಂಗಡಿಗೆ ಒಯ್ದೆವು. ಅಂಗಡಿಯವರು ಡಬ್ಬಿ ಒಡೆದು ಕಪ್ಪಾದ ಕಾಯಿಲ್ ತೋರಿಸಿದರು. ಮೋಟಾರಿನ ಮೇಲೆ 27 ಅಂತ ಬರೆದದ್ದು ಯಾಕೆಂದು ಅವಳು ಕೇಳಿದಳು. ಅದು ತಂತಿಯ ಸುತ್ತಿನ ಲೆಕ್ಕ. ಸುತ್ತು ಕಡಿಮೆ ಮಾಡಿ ದಪ್ಪ ತಂತಿ ಸುತ್ತಿದರೆ ವೇಗ ಜಾಸ್ತಿ, ಕರೆಂಟೂ ಜಾಸ್ತಿ. 27 ಅಂದರೆ ನಿಧಾನಿ. ಮನೆಗೆ ಬರುವ ದಾರಿಯುದ್ದಕ್ಕೂ 12 ಸುತ್ತಿನದಕ್ಕೆ ಎಷ್ಟು ಹಲ್ಲಿನ ಪಿನಿಯನ್ ಬೇಕು ಅಂತ ಕೇಳುತ್ತಲೇ ಇದ್ದಳು. ಜಪಾನಿನ ತಮಿಯಾ ಕಂಪನಿ 1987ರಲ್ಲಿ ತಂದ ಕ್ಲಾಡ್ ಬಸ್ಟರ್ ಟ್ರಕ್ಕಿನಲ್ಲಿ ಹಿಂದೊಂದು ಮುಂದೊಂದು ಇಂಥದೇ 540 ಮೋಟಾರು ಇದ್ದವು ಅಂತ ಹೇಳಿದೆ. ಈಗ ಎರಡು ಮೋಟಾರಿನ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ.

ಹೊಸ 27 ಸುತ್ತಿನ ಮೋಟಾರು, 13 ಹಲ್ಲಿನ ಪಿನಿಯನ್ ನಿನ್ನೆ ಬಂದವು. ಟಾರ್ಚಿನ ಎರಡು ದಪ್ಪ ಸೆಲ್, ಅಂದರೆ 3 ವೋಲ್ಟ್ ಕೊಟ್ಟು ಮೋಟಾರನ್ನು ಹೊರೆ ಇಲ್ಲದೆ ಕೆಲವು ನಿಮಿಷ ಓಡಿಸಿದೆವು, ಕಾರ್ಬನ್ ಕಮ್ಯುಟೇಟರ್ ಮೇಲೆ ಸರಿಯಾಗಿ ಕೂರಲಿ ಅಂತ. ಗದ್ದೆಗೆ ಹೋದ ಮೇಲೆ ಐದು ನಿಮಿಷ ಓಡಿಸಿ ನಿಲ್ಲಿಸುವುದು, ಬಿಸಿ ನೋಡುವುದು. 70 ಡಿಗ್ರಿ ದಾಟಿದರೆ 12 ಹಲ್ಲಿನದು ಹಾಕುವುದು. ಅದನ್ನೂ ತರಿಸಿಟ್ಟಿದ್ದೇನೆ.

ಪಿನಿಯನ್ ಕೂರಿಸುವಾಗ ಎರಡು ಗೇರುಗಳ ಹಲ್ಲಿನ ನಡುವೆ ಪೇಪರಿನ ಸಣ್ಣ ಪಟ್ಟಿ ಇಟ್ಟು, ಒತ್ತಿ, ಸ್ಕ್ರೂ ಬಿಗಿ ಮಾಡಿದೆ, ಹಲ್ಲುಗಳ ನಡುವೆ ಹದವಾದ ಸಂದು ಉಳಿಯಲಿ ಅಂತ. ಮಗಳು ಸ್ಪರ್ ಗೇರನ್ನು ಬೆರಳಲ್ಲಿ ತಿರುಗಿಸಿ ಪಟ್ಟಿಯನ್ನು ಹೊರತೆಗೆದಳು. ಪಟ್ಟಿ ಹರಿದಿರಲಿಲ್ಲ. ಉದ್ದಕ್ಕೂ ಹಲ್ಲಿನ ಗುರುತು ಸಮವಾಗಿ ಮೂಡಿತ್ತು. ಅದನ್ನು ಮಡಚಿ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಳು, ಮಾವನಿಗೆ ತೋರಿಸಲು.