ಹುಳುಮನೆಗೆ ಇರುವ ಕಾಳಜಿ ಮಲಗುವ ಕೋಣೆಗೂ ಇರಲಿ

ಚಿಕ್ಕಬಳ್ಳಾಪುರದ ಸುತ್ತಮುತ್ತ ಬೆಟ್ಟಕ್ಕೆ ಬೆಂಕಿ ಬೀಳುವುದು ಹೊಸದಲ್ಲ. ಸಂಕ್ರಾಂತಿ ಕಳೆದು ಹುಲ್ಲು ಒಣಗಿತು ಅಂದರೆ ನಂದಿ, ಸ್ಕಂದಗಿರಿ, ಬ್ರಹ್ಮಗಿರಿ ಕಡೆ ಎಲ್ಲಾದರೂ ಒಂದು ಕಡೆ ರಾತ್ರಿ ಹೊತ್ತು ಕೆಂಪು ಗೆರೆ ಕಾಣುತ್ತದೆ. ನಾವು ಫೋಟೊ ತೆಗೆದು ಸ್ಟೇಟಸ್ ಹಾಕುತ್ತೇವೆ. ಬೆಳಗಾಗುವಷ್ಟರಲ್ಲಿ ಆ ಹೊಗೆ ಮನೆಯೊಳಗೆ ಬಂದಿರುತ್ತದೆ. ಎದೆ ಬಿಗಿ, ಕಣ್ಣುರಿ, ಮಕ್ಕಳಿಗೆ ಒಣಕೆಮ್ಮು. "ಬೇಸಿಗೆ ಅಲ್ವಾ, ಧೂಳು" ಅಂತ ಸುಮ್ಮನಾಗುತ್ತೇವೆ.

ನನಗೆ ಸಿಟ್ಟು ಬರುವುದು ಇಲ್ಲೇ. ಬಿಸಿಲು ಜಾಸ್ತಿ ಆದಾಗ ಎಲ್ಲರೂ ಹೇಳುವ ಮಾತು ಒಂದೇ: ರಾತ್ರಿ ಕಿಟಕಿ ತೆಗೆದಿಡಿ, ಗಾಳಿ ಆಡಲಿ. ಹೊಗೆ ಬಂದರೆ ಹೇಳುವುದು ಅದಕ್ಕೆ ತದ್ವಿರುದ್ಧ: ಕಿಟಕಿ ಮುಚ್ಚಿ. ಎರಡೂ ಒಟ್ಟಿಗೆ ಬಂದರೆ? ಎಂಬತ್ತು ದಾಟಿದ ಅಜ್ಜಿ ಇರುವ ಮನೆಯವರು ಏನು ಮಾಡಬೇಕು? ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಆದರೆ ಇದು ನಮಗೆ ಗೊತ್ತಿರುವ ವಿದ್ಯೆಯೇ. ಶಿಡ್ಲಘಟ್ಟದ ಕಡೆ ಯಾವುದಾದರೂ ಹುಳುಮನೆಗೆ, ಅಂದರೆ ರೇಷ್ಮೆಹುಳ ಸಾಕುವ ಮನೆಗೆ, ಏಪ್ರಿಲ್‌ನಲ್ಲಿ ಹೋಗಿ ನೋಡಿ. ನನ್ನ ಚಿಕ್ಕಮ್ಮನ ಹುಳುಮನೆಯಲ್ಲಿ ಬಾಗಿಲಿಗೆ, ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿರುತ್ತಾರೆ. ಶೀಟಿನ ಮೇಲೆ ತೆಂಗಿನ ಗರಿ. ತಟ್ಟೆಗಳ ಪಕ್ಕ ದಾರದಲ್ಲಿ ಥರ್ಮಾಮೀಟರ್ ತೂಗುತ್ತಿರುತ್ತದೆ. ದೊಡ್ಡ ಹುಳಕ್ಕೆ 24-25 ಡಿಗ್ರಿ ಹಿತ, ಅದಕ್ಕಿಂತ ಏರಿದರೆ ಸೊಪ್ಪು ತಿನ್ನುವುದು ಕಡಿಮೆ ಆಗುತ್ತದೆ, ರೋಗ ಬೀಳುತ್ತದೆ. ಬೀಡಿ ಸೇದಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಪಕ್ಕದ ಹೊಲದವರು ಬದುವಿಗೆ ಬೆಂಕಿ ಹಚ್ಚಿದರೆ ಚಿಕ್ಕಮ್ಮ ಓಡಿಹೋಗಿ ಜಗಳ ಮಾಡುತ್ತಾರೆ, "ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು, ಗೊತ್ತಾಗಲ್ವಾ?" ಅಂತ. ಅದೇ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಸೊಳ್ಳೆಬತ್ತಿ ಹಚ್ಚಿ, ಮೊಮ್ಮಗನನ್ನು ಮಲಗಿಸಿರುತ್ತಾರೆ.

ಚಿಕ್ಕಮ್ಮನನ್ನು ದೂರುತ್ತಿಲ್ಲ. ಹುಳ ಕೈಕೊಟ್ಟರೆ ಸಾಲ ಕಣ್ಣೆದುರಿಗೇ ಬಂದು ನಿಲ್ಲುತ್ತದೆ. ಮಗುವಿನ ಶ್ವಾಸಕೋಶಕ್ಕೆ ಆಗುವುದು ಕಾಣುವುದಿಲ್ಲ.

ಹೊಗೆ ಹೇಗೆ ಓಡಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮಧ್ಯಾಹ್ನ ನೆಲ ಕಾದು ಗಾಳಿ ಮೇಲೇಳುತ್ತದೆ, ಜೊತೆಗೆ ಹೊಗೆಯೂ ಮೇಲೆ ಹೋಗಿ ಚದುರುತ್ತದೆ. ರಾತ್ರಿ ಉಲ್ಟಾ. ಬೆಟ್ಟದ ಮೇಲಿನ ಗಾಳಿ ತಣ್ಣಗಾಗಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಹೊಗೆಯನ್ನೂ ಎಳೆದುಕೊಂಡು ಬಂದು ತಪ್ಪಲಿನ ಊರುಗಳ ಮೇಲೆ ನಿಲ್ಲಿಸುತ್ತದೆ. ಅದಕ್ಕೇ ಬೆಳಗಿನ ಜಾವ ವಾಸನೆ ಜಾಸ್ತಿ. ಅಂದರೆ ನಾವು "ತಂಪು ಗಾಳಿ" ಅಂತ ಕಿಟಕಿ ತೆಗೆಯುವ ಹೊತ್ತೇ ಹೊಗೆಯ ಹೊತ್ತು.

ಹಾಗಾಗಿ ಬೆಂಕಿ ಬಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಸೂರ್ಯ ಮುಳುಗಿ ಗಾಳಿ ಬೀಸುವಾಗ, ವಾಸನೆ ಇಲ್ಲದಿದ್ದರೆ ಎಲ್ಲ ತೆಗೆದುಬಿಡುತ್ತೇವೆ. ಮಲಗುವ ಮುಂಚೆ ಬೆಟ್ಟದ ಕಡೆಯ ಕಿಟಕಿ ಮುಚ್ಚುತ್ತೇವೆ. ಬೆಳಿಗ್ಗೆ ಬಿಸಿಲೇರಿ ಬೆಟ್ಟದ ಅಂಚು ಸ್ಪಷ್ಟವಾಗಿ ಕಂಡ ಮೇಲೆ ಸ್ವಲ್ಪ ಹೊತ್ತು ತೆಗೆದು, ಆಮೇಲೆ ಬಿಸಿಲಿಗೆ ಪರದೆ ಎಳೆಯುತ್ತೇವೆ. ವಯಸ್ಸಾದವರು, ಮಕ್ಕಳು, ಆಸ್ತಮಾ ಇರುವವರು ಎಲ್ಲರೂ ಒಂದೇ ಕೋಣೆಯಲ್ಲಿ. ಅಲ್ಲಿ ಸೊಳ್ಳೆಬತ್ತಿ, ಧೂಪ, ಸಾಂಬ್ರಾಣಿ ಯಾವುದೂ ಇಲ್ಲ, ಸೊಳ್ಳೆಪರದೆ ಮಾತ್ರ. ಇದು ಅತಿ ಅನ್ನಿಸಬಹುದು. ಒಂದು ಸೊಳ್ಳೆಬತ್ತಿಯಿಂದ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲೇ ಪ್ರಕಟವಾದ ಅಧ್ಯಯನ ಹೇಳಿದೆ. ಹೊರಗಿನ ಹೊಗೆ ಬೇಡ ಅಂತ ಮುಚ್ಚಿದ ಕೋಣೆಯೊಳಗೆ ಅದನ್ನು ಹಚ್ಚಿದರೆ ಮುಚ್ಚಿ ಏನು ಬಂತು?

ಒದ್ದೆ ಗೋಣಿಚೀಲ ಸೆಕೆಗೆ ಒಳ್ಳೆಯದು, ಹೊಗೆ ತಡೆಯುವುದಿಲ್ಲ. ಮುಖಕ್ಕೆ ಕಟ್ಟುವ ಟವಲ್ಲೂ ಅಷ್ಟೇ. ಹೊಗೆಯಲ್ಲಿ ತೊಂದರೆ ಕೊಡುವ ಕಣ 2.5 ಮೈಕ್ರಾನ್‌ಗಿಂತ ಸಣ್ಣದು, ಬಟ್ಟೆಯ ಸಂದಿಯಲ್ಲಿ ಆರಾಮಾಗಿ ನುಗ್ಗುತ್ತದೆ. ಎನ್95 ಮಾಸ್ಕ್ ಮೂಗಿಗೆ ಬಿಗಿಯಾಗಿ ಕೂತರೆ ಮಾತ್ರ ಉಪಯೋಗ. ಏರ್ ಕೂಲರ್ ಹೊರಗಿನ ಗಾಳಿಯನ್ನೇ ಎಳೆಯುತ್ತದೆ, ಹೊಗೆ ಇರುವಾಗ ಅದನ್ನು ನಿಲ್ಲಿಸಿ.

ಎರಡರಲ್ಲಿ ಒಂದನ್ನೇ ತಡೆಯಲು ಆಗುವುದಾದರೆ? ನನ್ನ ಅಭಿಪ್ರಾಯ ಖಚಿತ. ಕೋಣೆ ಒಲೆಯಂತಾಗಿದ್ದರೆ ಮೊದಲು ಸೆಕೆ ನೋಡಿ, ಕಿಟಕಿ ತೆಗೆಯಿರಿ, ಸಾಧ್ಯವಾದರೆ ಹಿರಿಯರನ್ನು ತಾರಸಿ ಮನೆಯ ನೆಂಟರ ಹತ್ತಿರ ಕಳಿಸಿ. ಹೊಗೆ ನಿಧಾನಕ್ಕೆ ಕೊಲ್ಲುತ್ತದೆ, ಬಿಸಿ ಕೆಲವೇ ಗಂಟೆಗಳಲ್ಲಿ ಕೊಲ್ಲಬಹುದು. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲವಾದರೆ ತಕ್ಷಣ ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಆದರೆ ಉಬ್ಬಸ ಇರುವವರಿಗೆ ಈ ಲೆಕ್ಕ ಬೇರೆ. ಅವರಿಗೆ ಹೊಗೆಯೂ ಅಷ್ಟೇ ಬೇಗ ಅಪಾಯ ತರುತ್ತದೆ, ಇನ್‌ಹೇಲರ್ ಕೈಗೆ ಸಿಗುವ ಹಾಗಿರಲಿ.

ಆ್ಯಪ್‌ನಲ್ಲಿ ಗಾಳಿಯ ಅಂಕಿ ನೋಡುವವರಿಗೆ ಒಂದು ಮಾತು. ನಮ್ಮ ದೇಶದ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಹೊಗೆಯ ಈ ಸಣ್ಣ ಕಣಗಳ ಮಟ್ಟಿಗೆ 24 ಗಂಟೆಯ ಸರಾಸರಿ. ಬೆಳಗಿನ ಜಾವದ ಎರಡು ಮೂರು ಗಂಟೆಯ ದಟ್ಟ ಹೊಗೆ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಮಾಪನ ಕೇಂದ್ರ ಇರುವುದು ಒಂದು ಕಡೆ, ಬೆಂಕಿ ಬಿದ್ದಿರುವುದು ನಿಮ್ಮೂರ ಹಿಂದೆ. ನಿಮ್ಮ ಮೂಗನ್ನು, ಕಣ್ಣನ್ನು ನಂಬಿ. ಹಾಗೆಯೇ ಬಯಲಿನಲ್ಲಿ 40 ಡಿಗ್ರಿ ಮುಟ್ಟದೆ ಹವಾಮಾನ ಇಲಾಖೆ ಬಿಸಿಗಾಳಿ ಅಂತ ಘೋಷಿಸುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 38.5 ಆದಾಗ ಎಲ್ಲರೂ ತತ್ತರಿಸಿದ್ದು ನೆನಪಿದೆ ಅಲ್ವಾ? ಶೀಟಿನ ಮನೆಯೊಳಗೆ 37ರಲ್ಲೇ ಪ್ರಾಣ ಹೋಗುವಂತಾಗುತ್ತದೆ. ಕಲ್ಲು ಕ್ವಾರಿಯ, ದ್ರಾಕ್ಷಿ ತೋಟದ ಕೂಲಿಯವರು ಇರುವುದು ಅಂಥ ಮನೆಗಳಲ್ಲೇ. ಅವರಿಗೆ ಮುಚ್ಚಲು ಸರಿಯಾದ ಕಿಟಕಿಯೂ ಇರುವುದಿಲ್ಲ. ಬೆಂಕಿ ಬಿದ್ದ ರಾತ್ರಿ ಅಂಥವರಿಗಾಗಿ ಶಾಲೆಯ ಕೋಣೆಯನ್ನೋ ಸಮುದಾಯ ಭವನವನ್ನೋ ತೆಗೆದುಕೊಡುವುದು ಪಂಚಾಯಿತಿಗೆ ಕಷ್ಟದ ಕೆಲಸವಲ್ಲ.

ಇನ್ನು ಬೆಂಕಿ. ನಮ್ಮ ಬೆಟ್ಟಗಳಲ್ಲಿ ಅದು ತಾನಾಗಿ ಹುಟ್ಟುವುದು ತೀರಾ ಅಪರೂಪ. ಮಳೆ ಬಿದ್ದಾಗ ಹೊಸ ಹುಲ್ಲು ಚೆನ್ನಾಗಿ ಬರಲಿ ಅಂತ ಹಚ್ಚುವವರಿದ್ದಾರೆ. ಬೀಡಿ ಎಸೆಯುವವರಿದ್ದಾರೆ. ಬೆಟ್ಟ ನೋಡಲು ಬಂದು ಅಡುಗೆ ಮಾಡಿ ಕೆಂಡ ಬಿಟ್ಟುಹೋಗುವವರಿದ್ದಾರೆ. ಕೆಳಗೆ ಊರಲ್ಲಿ ನಾವು ಜೋಳದ ದಂಟು, ಒಣಗಿದ ಎಲೆ, ಪ್ಲಾಸ್ಟಿಕ್ ಸುಡುತ್ತೇವೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಮ್ಮ ಬೀದಿಯಲ್ಲಿ ಈಗಲೂ ಕಸ ಗುಡಿಸಿ ಗುಡ್ಡೆ ಮಾಡಿ, ಬೆಳಿಗ್ಗೆ ಆರಕ್ಕೇ ಕಡ್ಡಿ ಗೀರುತ್ತಾರೆ. ಕೇಳಿದರೆ "ಗಾಡಿ ಬಂದಿಲ್ಲ" ಅನ್ನುತ್ತಾರೆ.

ಬೆಟ್ಟದಲ್ಲಿ ಹೊಗೆ ಎದ್ದಿದ್ದು ಕಂಡರೆ ಫೋಟೊಗಿಂತ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಯಾವ ಬೆಟ್ಟ, ಯಾವ ಊರಿನ ಕಡೆಯ ಮಗ್ಗುಲು, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಇಷ್ಟು ಹೇಳಿ. ಮೇಲೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸುವ ವಾಚರ್‌ಗಳಿಗೆ ಅಷ್ಟು ಗೊತ್ತಾದರೆ ದಾರಿ ಹುಡುಕುವ ಸಮಯ ಉಳಿಯುತ್ತದೆ.