ದೊಡ್ಡಾಸ್ಪತ್ರೆಯ ಲೆಕ್ಕಕ್ಕೆ ಸಿಗದ ಮೇಷ್ಟ್ರುಗಳು

ಮೈಸೂರು ಮೆಡಿಕಲ್ ಕಾಲೇಜಿಗೆ 2024ಕ್ಕೆ ನೂರು ವರ್ಷ ತುಂಬಿತು. ಅದರ ಕಥೆ ಯಾರು ಹೇಳಿದರೂ ನಾಲ್ವಡಿ ಕೃಷ್ಣರಾಜ ಒಡೆಯರಿಂದಲೇ ಶುರು. ಸರಿಯೇ. 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಜನ ದೊಡ್ಡಾಸ್ಪತ್ರೆ ಅನ್ನುವ ಕೆ.ಆರ್. ಆಸ್ಪತ್ರೆ, ಪಕ್ಕದಲ್ಲೇ ಹೆಂಗಸರು ಮಕ್ಕಳಿಗೆ ಚೆಲುವಾಂಬ, ಕ್ಷಯದವರಿಗೆ ಪಿಕೆಟಿಬಿ ಸ್ಯಾನಟೋರಿಯಂ. ಕಲಿಯೋಕೆ ಇದಕ್ಕಿಂತ ಏನು ಬೇಕು?

ರೋಗಿ ಬೇಕು. ಆಸ್ಪತ್ರೆ ಕಟ್ಟಡದ ಗುಮ್ಮಟದ ಬಗ್ಗೆ ಮಾತಾಡುವವರು ಇದನ್ನು ಮರೆತುಬಿಡ್ತಾರೆ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್ ನೋಡಿದ್ದೀರಾ? ಒಂದು ಮಂಚದ ಸುತ್ತ ಹತ್ತು ಬಿಳಿ ಕೋಟು. ಅಜ್ಜ ಅಂಗಿ ಎತ್ತಿ ಹಿಡಿದುಕೊಂಡಿರುತ್ತಾನೆ. ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ಒತ್ತುತ್ತಾರೆ, ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ. ಕೊನೆಗೆ ತಡಕಾಡುವ ಹುಡುಗಿಗೆ ಅಜ್ಜನೇ ಹೇಳುತ್ತಾನೆ, "ಅಲ್ಲಲ್ಲ ಕಣವ್ವ, ಇನ್ನೊಂಚೂರು ಕೆಳಗಿಡು." ವಿದ್ಯಾರ್ಥಿಗಳ ಪರೀಕ್ಷೆಗೆ ಕೇಸ್ ಆಗಿ ಬಂದ ರೋಗಿಗಳಂತೂ ತಮ್ಮ ಕಾಯಿಲೆಯ ಇಂಗ್ಲಿಷ್ ಹೆಸರನ್ನೇ ಪಿಸುಗುಟ್ಟಿ ಪಾಸು ಮಾಡಿಸಿದ ಕಥೆಗಳು ಯಾವ ಮೆಡಿಕಲ್ ಕಾಲೇಜಿನಲ್ಲೂ ಸಿಗುತ್ತವೆ.

ಅನಾಟಮಿಗೆ, ಅಂದರೆ ಶರೀರರಚನೆಯ ಪಾಠಕ್ಕೆ, ಸತ್ತ ಮೇಲೆ ದೇಹ ಕೊಟ್ಟವರನ್ನು ಮೊದಲ ಗುರು ಅಂತಾರೆ. ಎಷ್ಟೋ ಕಾಲೇಜುಗಳಲ್ಲಿ ಅವರ ಮುಂದೆ ನಿಂತು ಪ್ರತಿಜ್ಞೆ ಮಾಡ್ತಾರೆ. ಒಳ್ಳೆಯದೇ. ಆದರೆ ಉಸಿರಾಡುತ್ತಾ ಮಲಗಿರುವ ಗುರುವಿಗೆ? "ಮುಟ್ಟಿ ನೋಡ್ಲಾ?" ಅಂತ ಕೇಳುವವರೇ ಕಮ್ಮಿ. 2019ರ ಹೊಸ ಪಠ್ಯಕ್ರಮದಲ್ಲಿ ರೋಗಿಯ ಜೊತೆ ನಡೆದುಕೊಳ್ಳುವ ರೀತಿಯನ್ನೂ ಕಲಿಸಬೇಕು ಅಂತ ಸೇರಿಸಿದರು. ಆದರೆ ಹುಡುಗರು ಕಲಿಯುವುದು ಸ್ಲೈಡ್ ನೋಡಿ ಅಲ್ಲ, ಪ್ರೊಫೆಸರ್ ಏನು ಮಾಡ್ತಾರೆ ಅಂತ ನೋಡಿ. ಅವರೇ "ಬೆಡ್ ನಂಬರ್ ಹನ್ನೆರಡು" ಅಂತ ಕರೆದರೆ ಮುಗೀತು.

ದಶಕಗಟ್ಟಲೆ ಮಂಡ್ಯ, ಹಾಸನ, ಕೊಡಗು, ಚಾಮರಾಜನಗರದ ಜನ ಬಸ್ಸು ಹತ್ತಿ ಮೈಸೂರಿಗೇ ಬರುತ್ತಿದ್ದರು. ಈಗ ಆ ನಾಲ್ಕೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿದೆ. ನನ್ನ ಪ್ರಕಾರ ಮೈಸೂರಿನ ನಿಜವಾದ ಬೆಳವಣಿಗೆ ಅಂದರೆ ಇದೇ, ಹೊಸ ಬ್ಲಾಕುಗಳಲ್ಲ.

ರೋಗಿಗಳಿಗೆ ಸುಮ್ನೆ ಸನ್ಮಾನ ಮಾಡಿ ಅಂತಿಲ್ಲ. ಮಂಚಕ್ಕೊಂದು ಪರದೆ, ಜೊತೆಗೆ ಬಂದವರಿಗೆ ರಾತ್ರಿ ಮಲಗಲು ಜಾಗ, ಪರೀಕ್ಷೆಗೆ ಕೇಸ್ ಆಗಿ ಕೂರುವ ರೋಗಿಗಳಿಗೆ ಆ ದಿನದ ಕೂಲಿ. ಸ್ಕ್ಯಾನಿಂಗ್ ಮೆಷಿನ್‌ನ ಖರ್ಚಿನ ಮುಂದೆ ಇದೇನು ಜಾಸ್ತಿ ಅಲ್ಲ, ಅಲ್ವಾ? ಹಳೇ ಕಾಲೇಜುಗಳಲ್ಲಿ ಅಭ್ಯಾಸ ಬದಲಿಸೋದು ಕಷ್ಟ. ಮಡಿಕೇರಿ, ಚಾಮರಾಜನಗರದ್ದು ಇನ್ನೂ ಹೊಸದು. ಅಲ್ಲಿಂದಲೇ ಶುರು ಮಾಡಬಹುದು.